ಮನಸ್ಸು ಹಗುರವಾಗಿದೆ, ದೂರೇನೂ ಇಲ್ಲ

ಮಾರ್ಚ್ 3

ತಮ್ಮಾ,

ನಾನು ಕ್ಷೇಮ ಎಂದು ಬರೆದರೆ ನೀನು ನಂಬುವುದಿಲ್ಲ, ನೀನು ಕ್ಷೇಮ ಎಂದು ಬರೆದರೆ ನನಗೆ ಬೇಕಾಗಿಲ್ಲ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಿಗೂ ಜಗಳ ಹತ್ತುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಫೋನ್ ಅಂಟಿಸಿಕೊಂಡೇ ಇರುವವಳಿಗೆ ಮನೆಗೆ ಬಂದ ಮೇಲೆ ಅದರ ಮುಖ ನೋಡಲೂ ಮನಸ್ಸಾಗುವುದಿಲ್ಲ. ಇನ್ನು ಮೇಲೆ ಕಾಗದವೇ ಸರಿ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕಲಾರೆ.

'ಅಕ್ಕ ಚೌಕದಲ್ಲಿ ಹೆಸರು ತುಂಬಿಸುವ ಗುಮಾಸ್ತೆ' ಎಂದು ನಿನ್ನ ಹೆಂಡತಿಯ ಹತ್ತಿರ ಹೇಳಿದೆಯಂತೆ. ಹೌದಪ್ಪ. ನಲವತ್ತೊಂದು ಜನ ಮುದುಕ ಮುದುಕಿಯರು, ಒಂಬತ್ತು ಜನ ಆರೈಕೆ ಕೆಲಸದವರು. ಯಾರ ಮನೆಗೆ ಯಾರು, ಎಷ್ಟು ಹೊತ್ತಿಗೆ, ಸ್ನಾನಕ್ಕೋ ಊಟಕ್ಕೋ ಮಾತ್ರೆಗೋ ಎಂದು ಹೊಂದಿಸುವುದು ಕೋಆರ್ಡಿನೇಟರ್ ಆದ ನನ್ನ ಕೆಲಸ. ಇವತ್ತು ಬೆಳಿಗ್ಗೆ ಒಬ್ಬಳು ಮಗಳು ಫೋನ್ ಮಾಡಿ, "ಅಮ್ಮಂಗೆ ಸ್ನಾನ ಮಾಡಿಸೋಕೆ ಬರ್ತಾರಲ್ಲ, ಹಾಗೇ ಕರ್ಟನ್ನೂ ಒಗೆದು ಹಾಕೋಕೆ ಹೇಳಿ" ಎಂದಳು. ಅಮ್ಮನ ವಯಸ್ಸೆಷ್ಟು ಎಂದು ಕೇಳಿದರೆ ಗೊತ್ತಿಲ್ಲ. ಕರ್ಟನ್ನಿನ ಅಳತೆ ಗೊತ್ತು. ಇಂಥವರಿಗೆ "ಆಯ್ತು ಮೇಡಂ" ಅಂದು ಅಂದು ನನ್ನ ನಾಲಿಗೆ ಸವೆದಿದೆ.

ಕೆಲಸದವರೂ ಕಮ್ಮಿಯಿಲ್ಲ. ಪ್ರತಿ ಮನೆಯಲ್ಲೂ ಒಂದು ಭೇಟಿ ಪುಸ್ತಕ ಇರುತ್ತದೆ, ಹೋದವರು ಪ್ರತಿ ಸಲವೂ ಅದರಲ್ಲಿ ಒಂದು ಸಾಲು ಬರೆಯಬೇಕು. ನಿವೃತ್ತ ಜಡ್ಜ್ ಒಬ್ಬರ ಮನೆಯ ಪುಸ್ತಕದಲ್ಲಿ ನಮ್ಮ ಹೆಂಗಸೊಬ್ಬಳು ಬರೆದಿದ್ದಳು: "ಅಜ್ಜ ಬೈದರು. ನಾನೂ ಬೈದೆ. ಆಮೇಲೆ ಊಟ ಆಯಿತು." ಇನ್‌ಸ್ಪೆಕ್ಷನ್ನಿಗೆ ಬಂದವರ ಮುಂದೆ ಇದನ್ನು ಹೇಗೆ ಇಡಲಿ? ಹಾಳೆ ಹರಿದು ಹಾಕಿದೆ. ಜನವರಿಯಲ್ಲಿ ಕೂತು ಹನ್ನೆರಡು ಮಾದರಿ ವಾಕ್ಯ ಬರೆದೆ. ಒಂದೇ ಪುಟದಲ್ಲಿ ಅಚ್ಚು ಹಾಕಿಸಿ ಎಲ್ಲರ ಕೈಗೂ ಕೊಟ್ಟು, ಇದರಲ್ಲಿರುವುದನ್ನು ಬಿಟ್ಟು ಒಂದಕ್ಷರ ಬರೆದರೆ ನೋಡಿ ಎಂದೆ. ಇನ್‌ಸ್ಪೆಕ್ಟರ್ ಹಲ್ಲು ಕಿರಿದುಕೊಂಡು ಹೋದ. ಮುಖ್ಯ ಕಚೇರಿಯವರು ಹಾಳೆ ತರಿಸಿಕೊಂಡು ನನಗೆ ಮೆಚ್ಚುಗೆ ಪತ್ರ ಕಳಿಸಿದರು. ಗುಮಾಸ್ತೆಗೆ ಮೆಚ್ಚುಗೆ ಪತ್ರ ಬರುತ್ತದೆಯೇ ಎಂದು ನಿನ್ನ ಹೆಂಡತಿಯನ್ನು ಕೇಳು.

ಈಗ ಅತ್ತೆಯ ವಿಷಯ. ಅಮ್ಮ ಹೋದ ಮೇಲೆ ನಮ್ಮಿಬ್ಬರನ್ನು ಬೈದು ಬೈದೇ ದೊಡ್ಡವರನ್ನಾಗಿ ಮಾಡಿದವರು, ಕಳೆದ ತಿಂಗಳು ಅಡುಗೆಮನೆಯಲ್ಲಿ ಜಾರಿ ಬಿದ್ದರು. ನಿಮ್ಮೂರಿನಲ್ಲಿರುವ ನಮ್ಮ ಸಂಸ್ಥೆಯ ಶಾಖೆಯಿಂದಲೇ ದಿನಕ್ಕೆ ಮೂರು ಭೇಟಿ ಮಂಜೂರು ಮಾಡಿಸಿದ್ದೇನೆ. ನೀನಿರುವುದು ಅವರಿಂದ ನಾಲ್ಕು ಬೀದಿ ಆಚೆ. ಹೋಗಿ ನೋಡು. "ಹೇಗಿದೀರಾ" ಎಂದು ಕೇಳಬೇಡ, ಆ ಪ್ರಶ್ನೆಗೆ ಸಾಯುತ್ತಿರುವವರೂ ಚೆನ್ನಾಗಿದ್ದೇನೆ ಅನ್ನುತ್ತಾರೆ. ಕಸದ ಬುಟ್ಟಿ ನೋಡು, ಫ್ರಿಜ್ ನೋಡು, ಕಾಲಿನ ಉಗುರು ನೋಡು. ಇಷ್ಟು ನೋಡಿದರೆ ಮನೆಯ ಕಥೆ ಪೂರ್ತಿ ಗೊತ್ತಾಗುತ್ತದೆ.

ಅಕ್ಕ

ಮಾರ್ಚ್ 19

ಅಕ್ಕಾ,

ನಿನ್ನ ಕಾಗದವನ್ನು ಹೆಂಡತಿಗೂ ಓದಿ ಹೇಳಿದೆ. ಮೆಚ್ಚುಗೆ ಪತ್ರಕ್ಕೆ ಗಾಜು ಹಾಕಿಸಿದ್ದೀಯೋ ಇಲ್ಲವೋ ಎಂದು ಕೇಳಿದಳು.

ಅತ್ತೆಯ ಮನೆಗೆ ಹೋಗಿದ್ದೆ. ಮೂರನೇ ಮಹಡಿ. ಲಿಫ್ಟ್ ಕೆಟ್ಟು ನಿಂತಿದೆ. ನಮ್ಮ ಕಂಪನಿಯದಲ್ಲ. 'ಶೀಘ್ರದಲ್ಲೇ ಸರಿಪಡಿಸಲಾಗುವುದು' ಎಂದು ಅಂಟಿಸಿದ ಕಾಗದವೇ ಹಳದಿಗಟ್ಟಿದೆ. ಲಿಫ್ಟ್ ರಿಪೇರಿಯವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದರೆ ನಿನಗೆ ಒಂದು ವಾರ ನಗುವುದಕ್ಕೆ ಸಾಕಾಗುತ್ತಿತ್ತು.

ಅತ್ತೆ ಚೆನ್ನಾಗಿದ್ದಾರೆ. ಸ್ವಲ್ಪ ಸಣ್ಣಗಾಗಿದ್ದಾರೆ, ಒಪ್ಪುತ್ತದೆ. ಟೀ ಮಾಡಿಕೊಟ್ಟರು. ಆಶ್ಚರ್ಯವೆಂದರೆ ನನ್ನನ್ನು ಬೈಯಲಿಲ್ಲ. ಎರಡು ವರ್ಷದ ಹಿಂದೆ ನನ್ನ ಹೆಂಡತಿಯ ಎದುರಿಗೇ "ಊರಿನವರನ್ನೆಲ್ಲ ಮೇಲೆ ಕಳಿಸಿ ತಾನು ಕೆಳಗೇ ನಿಂತವನು" ಎಂದು ನನ್ನ ಮಾನ ಕಳೆದವರು, ಈ ಸಲ ಕಮಕ್ ಕಿಮಕ್ ಅನ್ನಲಿಲ್ಲ. ವಯಸ್ಸು ಎಂಥವರನ್ನೂ ಮೆತ್ತಗೆ ಮಾಡುತ್ತದೆ.

ನಿನ್ನ ಭೇಟಿ ಪುಸ್ತಕವನ್ನು ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ನೇತು ಹಾಕಿದ್ದಾರೆ. ಓದಿದೆ. "ಊಟ ಸಮಾಧಾನವಾಗಿ ಆಯಿತು." "ಮನಸ್ಸು ಹಗುರವಾಗಿದೆ, ದೂರೇನೂ ಇಲ್ಲ." ಇನ್ನೇನು ಬೇಕು? ಕೆಲಸಕ್ಕೆ ಬರುವವಳು ಐವತ್ತು ದಾಟಿದ ಹೆಂಗಸು, ಬಿಸಿಲಿರಲಿ ಮಳೆಯಿರಲಿ ಕಂಕುಳಲ್ಲಿ ಒಂದು ಕೊಡೆ. ಮೆಟ್ಟಿಲ ಮೇಲೆ ಎದುರಾಗಿ ಏನೋ ಹೇಳಲು ಬಾಯಿ ತೆರೆದಳು. ಇಂಥವರ ಕೈಗೆ ಸಿಕ್ಕರೆ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ. ಕೆಲಸಕ್ಕೆ ಹೊತ್ತಾಯಿತೆಂದು ಇಳಿದು ಬಂದೆ.

ಕಸದ ಬುಟ್ಟಿ ಗಿಟ್ಟಿ ನೋಡಲಿಲ್ಲ. ನಾನು ಅವರ ಅಣ್ಣನ ಮಗ, ಪೊಲೀಸ್ ಅಲ್ಲ.

ತಮ್ಮ

ಮಾರ್ಚ್ 26

ತಮ್ಮಾ,

ಆ ವಾಕ್ಯ ನನ್ನದು! "ಮನಸ್ಸು ಹಗುರವಾಗಿದೆ, ದೂರೇನೂ ಇಲ್ಲ." ನನ್ನ ಹಾಳೆಯ ಎರಡನೇ ವಾಕ್ಯ. ಮೊದಲು 'ಸಂತೋಷವಾಗಿದ್ದಾರೆ' ಎಂದು ಬರೆದು, ತೀರಾ ಸಪ್ಪೆಯಾಯಿತೆಂದು ಹೊಡೆದು ಹಾಕಿ, ಅರ್ಧ ಗಂಟೆ ಪೆನ್ನು ಕಚ್ಚಿ ಹೊಳೆಸಿಕೊಂಡದ್ದು. ಅಂದರೆ ಮುಖ್ಯ ಕಚೇರಿಯವರು ನನ್ನ ಹಾಳೆಯನ್ನು ಎಲ್ಲ ಶಾಖೆಗಳಿಗೂ ಹಂಚಿದ್ದಾರೆ. ನನಗೊಂದು ಮಾತು ತಿಳಿಸುವ ಸೌಜನ್ಯವಿಲ್ಲ, ಇರಲಿ. ಇಲ್ಲಿ ನಮ್ಮ ಮ್ಯಾನೇಜರ್ ಮೇಡಂ ನನ್ನನ್ನು ಕಂಡರೆ ಮೂಗು ಮುರಿಯುತ್ತಾರೆ. ನಿನಗೆ ಪುಣ್ಯ ಬರುತ್ತದೆ, ಆ ಪುಸ್ತಕದ ಎರಡು ವಾರದ ಹಾಳೆಗಳ ಜೆರಾಕ್ಸ್ ಕಳಿಸು. ಅವರ ಮೇಜಿನ ಮೇಲೆ ಇಟ್ಟು ಬರುತ್ತೇನೆ.

ಅತ್ತೆ ಬೈಯಲಿಲ್ಲವೇ? ಬೈದು ಪ್ರಯೋಜನವಿಲ್ಲ ಎಂದು ನಿನ್ನ ವಿಷಯದಲ್ಲಿ ಈಗ ಅರ್ಥವಾಗಿರಬೇಕು. ನನಗೆ ಅರ್ಥವಾಗಿ ಇಪ್ಪತ್ತು ವರ್ಷವಾಯಿತು.

ಕೊಡೆಯವಳ ಬಾಯಿಗೆ ಸಿಗದೆ ಬಂದದ್ದು ಒಳ್ಳೆಯದಾಯಿತು. ಕೆಲಸದವರನ್ನು ಒಂದು ಸಲ ಮಾತಿಗೆ ಬಿಟ್ಟರೆ ತಲೆ ಮೇಲೆ ಕೂರುತ್ತಾರೆ.

ಅಕ್ಕ

ಏಪ್ರಿಲ್ 20

ಅಕ್ಕಾ,

ತಡವಾಯಿತು. ಬರೆಯುವ ವಿಷಯ ಇರಲಿಲ್ಲ, ಈಗ ಇದೆ.

ಭೇಟಿ ಮಂಜೂರು ಮಾಡುವ ಆಫೀಸಿನಿಂದ ಒಬ್ಬ ಅಧಿಕಾರಿ ಅತ್ತೆಯ ಮನೆಗೆ ಪರಿಶೀಲನೆಗೆ ಬಂದಿದ್ದನಂತೆ. ಹತ್ತು ನಿಮಿಷ ಇದ್ದ, ಪುಸ್ತಕ ಓದಿದ, ಹೋದ. ಮೊನ್ನೆ ಅವನ ಪತ್ರ ನನ್ನ ವಿಳಾಸಕ್ಕೆ ಬಂತು. 'ದಾಖಲೆಗಳ ಪ್ರಕಾರ ಫಲಾನುಭವಿಯು ಸ್ವತಂತ್ರರೂ ಸಂತುಷ್ಟರೂ ಆಗಿರುವುದರಿಂದ' ದಿನಕ್ಕೆ ಮೂರು ಭೇಟಿಯ ಬದಲು ಇನ್ನು ಮುಂದೆ ಒಂದೇ. ಅತ್ತೆ ಸಹಿ ಹಾಕಿದ್ದಾರೆ. ತಕರಾರಿದ್ದರೆ ಮೂವತ್ತು ದಿನದೊಳಗೆ ಬರೆಯಬೇಕಂತೆ.

ನನಗೇನೋ ಇದು ಒಳ್ಳೆಯದೇ ಅನ್ನಿಸುತ್ತದೆ. ಹೊರಗಿನವರು ದಿನಕ್ಕೆ ಮೂರು ಸಲ ಮನೆಯೊಳಗೆ ಓಡಾಡುವುದು ಯಾರಿಗೆ ತಾನೇ ಇಷ್ಟ? ಜೆರಾಕ್ಸ್ ಇದರ ಜೊತೆಗಿದೆ, ಅಧಿಕಾರಿಯೇ ಪತ್ರಕ್ಕೆ ಲಗತ್ತಿಸಿದ್ದ. ಗಾಜು ಹಾಕಿಸಿಕೋ.

ತಮ್ಮ

ಏಪ್ರಿಲ್ 25

ತಮ್ಮಾ,

ನಲವತ್ತೆರಡು ಸಾಲನ್ನೂ ಓದಿದೆ. ನನ್ನ ಹಾಳೆಯ ಹನ್ನೆರಡು ವಾಕ್ಯ, ಒಂದರಿಂದ ಹನ್ನೆರಡರ ತನಕ ಅದೇ ಕ್ರಮದಲ್ಲಿ. ಮುಗಿದ ಕೂಡಲೇ ಮತ್ತೆ ಒಂದರಿಂದ. ದಿನಕ್ಕೆ ಮೂರರಂತೆ ನಾಲ್ಕು ದಿನಕ್ಕೊಮ್ಮೆ ಅತ್ತೆಗೆ ಅದೇ ಸಮಾಧಾನ, ಅದೇ ಹಗುರ. ಒಂಬತ್ತನೇ ವಾಕ್ಯವನ್ನು ನಾನು ಹೀಗೆ ಬರೆದಿದ್ದೆ: "ಇಂದು (ವಿಷಯ ತುಂಬಿಸಿ) ಬಗ್ಗೆ ಸಂತೋಷದಿಂದ ಮಾತಾಡಿದರು." ಆ ಕೊಡೆಯವಳು ಕಂಸದ ಸಮೇತ ಇಳಿಸಿದ್ದಾಳೆ. ಎರಡು ವಾರದಲ್ಲಿ ಮೂರು ಸಲ ನಮ್ಮ ಅತ್ತೆ 'ವಿಷಯ ತುಂಬಿಸಿ' ಬಗ್ಗೆ ಸಂತೋಷದಿಂದ ಮಾತಾಡಿದ್ದಾರೆ! ಬರೆದವಳಿಗೆ ಅಕ್ಷರ ಬರುತ್ತದೆ, ತಲೆ ಇಲ್ಲ. ಓದಿದ ಅಧಿಕಾರಿಗೆ ಅದೂ ಇಲ್ಲ. ಅದನ್ನೇ ಓದಿ, ಸಂತುಷ್ಟರು ಎಂದು ಷರಾ ಬರೆದು, ಊಟ ಕಿತ್ತುಕೊಂಡು ಹೋಗಿದ್ದಾನೆ. ಇಂಥವರಿಗೆ ಕುರ್ಚಿ ಕೊಡುವವರು ಯಾರು?

ನನ್ನನ್ನು ಹೆದರಿಸಿದ್ದು ಅದಲ್ಲ. ನಲವತ್ತೆರಡು ಸಾಲಿನಲ್ಲಿ ಅತ್ತೆ ಎಲ್ಲಿಯೂ ಇಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಇಡೀ ಊರಿನ ಬೆವರಿಳಿಸಿದ ಬಾಯಿ ಅದು. ಬೈಯಲಿಲ್ಲ ಎಂದು ನೀನು ಬರೆದಾಗಲೇ ನಾನು ಎದ್ದು ಕೂರಬೇಕಿತ್ತು. ಬೇರೆ ಯಾರ ಮನೆಯವರಾದರೂ "ಅಜ್ಜಿ ಇತ್ತೀಚೆಗೆ ಬೈಯೋದೇ ಇಲ್ಲ" ಅಂದಿದ್ದರೆ ಅವತ್ತೇ ನರ್ಸನ್ನು ಓಡಿಸುತ್ತಿದ್ದೆ. ನನ್ನ ವಾಕ್ಯ ಕಂಡ ಖುಷಿಯಲ್ಲಿ ನಿನ್ನನ್ನು ಗೇಲಿ ಮಾಡುತ್ತ ಕೂತೆ.

ಇನ್ನೊಂದು. ಅತ್ತೆ ಟೀ ಕುಡಿಯುವುದಿಲ್ಲ, ಮನೆಯಲ್ಲಿ ಟೀ ಪುಡಿ ಇಡುವುದಿಲ್ಲ, ಕುಡಿಯುವವರನ್ನು ಕಂಡರೆ ಆಗುವುದಿಲ್ಲ. ನಿನಗೆ ಟೀ ಮಾಡಿಕೊಟ್ಟವರು ಯಾರು?

ಇವತ್ತೇ ಹೋಗು. ಒಳಗೆ ಹೋಗು. ಏನು ಕಂಡಿತೋ ಅದನ್ನು ಬರೆ. 'ಚೆನ್ನಾಗಿ' ಎಂಬ ಮಾತು ನನಗೆ ಕಾಗದದಲ್ಲಿ ಕಾಣಬಾರದು.

ಅಕ್ಕ

ಏಪ್ರಿಲ್ 30

ಅಕ್ಕಾ,

ಟೀ ಸುಳ್ಳು. ಅವತ್ತು ನಾನು ಹೊಸಿಲು ದಾಟಲಿಲ್ಲ. ಅತ್ತೆ ಬಾಗಿಲನ್ನು ಚೈನಿನಷ್ಟೇ ತೆರೆದು, ಬಾಯಿಗೆ ಸೆರಗು ಹಿಡಿದು, "ಹೂಂ" ಅಂದರು. ಪುಸ್ತಕವನ್ನು ಬಾಗಿಲ ಸಂದಿಯಿಂದ ಕೈಹಾಕಿ ಎಳೆದು ಓದಿದೆ. ಹಳೆಯ ಮಾತಿನ ಸಿಟ್ಟು ಹೊಟ್ಟೆಯಲ್ಲಿತ್ತು, ಕರೆದಿದ್ದರೂ ಒಳಗೆ ಹೋಗುತ್ತಿರಲಿಲ್ಲವೋ ಏನೋ. ಕಾಟಾಚಾರಕ್ಕೆ ಹೋದೆ, ಕಾಟಾಚಾರ ಮುಗಿಸಿ ಬಂದೆ.

ಈ ಸಲ ಕೊಡೆಯವಳ ಹಿಂದೆಯೇ ಒಳಗೆ ಹೋದೆ. ನೀನು ಹೇಳಿದ್ದನ್ನು ನೋಡಿದೆ. ಕಸದ ಬುಟ್ಟಿಯಲ್ಲಿ ಏನೂ ಇಲ್ಲ. ಫ್ರಿಜ್ಜಿನಲ್ಲಿ ಸಂಸ್ಥೆಯವರು ಕಳಿಸುವ ಊಟದ ಡಬ್ಬಿ ಹನ್ನೊಂದು, ಮುಚ್ಚಳದ ಮೇಲೆ ತಾರೀಖು, ಒಂದನ್ನೂ ತೆರೆದಿಲ್ಲ. ಕಾಲಿನ ಉಗುರು ಮಾತ್ರ ನೀಟಾಗಿತ್ತು, ಅದನ್ನು ಕೊಡೆಯವಳು ಕತ್ತರಿಸುತ್ತಾಳೆ. ಮೇಜಿನ ಮೇಲಿನ ಲೋಟದಲ್ಲಿ ಅತ್ತೆಯ ಹಲ್ಲಿನ ಸೆಟ್ಟು, ಎರಡು ತುಂಡು. ಅಡುಗೆಮನೆಯಲ್ಲಿ ಬಿದ್ದ ದಿನ ಮುರಿದದ್ದು. ಅವತ್ತಿನಿಂದ ಅಗಿಯುವುದಕ್ಕೆ ಆಗಿಲ್ಲ. ಮಾತಾಡಿದರೆ ಗಾಳಿ ಹೋಗುತ್ತದೆ ಎಂದು ನಾಚಿಕೊಂಡು ಮಾತೂ ಬಿಟ್ಟಿದ್ದಾರೆ. ಅಕ್ಕಾ, ಅವರು ಬೈಯಲಿಲ್ಲ ಯಾಕೆಂದರೆ ಬೈಯಲು ಹಲ್ಲಿರಲಿಲ್ಲ. ಡಾಕ್ಟರ ಹತ್ತಿರ ಎತ್ತಿಕೊಂಡೇ ಹೋದೆ. ಮೂವತ್ತಾರು ಕಿಲೋ.

ಕೊಡೆಯವಳನ್ನು ನಾನು ಬಾಯಿಗೆ ಬಂದಂತೆ ಬೈದೆ. ಅವಳು ಪುಸ್ತಕ ತಂದು, ಪಿನ್ನು ಹೊಡೆದು ಮುಚ್ಚಿದ್ದ ಮೊದಲಿನ ಎರಡು ಹಾಳೆ ಬಿಡಿಸಿ ತೋರಿಸಿದಳು. ಇದ್ದಂತೆಯೇ ಬರೆಯುತ್ತಿದ್ದೇನೆ:

"ಅಮ್ಮನ ಹಲ್ಲು ಸೆಟ್ಟು ಮುರಿದಿದೆ. ಊಟ ಬಿಟ್ಟರು."
"ಈವತ್ತೂ ಊಟ ಇಲ್ಲ. ಬ್ರೆಡ್ಡು ಹಾಲಲ್ಲಿ ನೆನಸಿ ಕೊಟ್ಟೆ, ನಾಕು ಚಮಚ."
"ದಯವಿಟ್ಟು ಯಾರಾದರೂ ಹಲ್ಲಿನ ಡಾಕ್ಟರಿಗೆ ಹೇಳಿ."

ಅದರ ಮೇಲೆ ಅಡ್ಡಡ್ಡ ಕೆಂಪು ಶಾಯಿಯಲ್ಲಿ, ಇಲ್ಲಿನ ಕೋಆರ್ಡಿನೇಟರ್ ಕೈಬರಹ: "ಇಂಥದ್ದೆಲ್ಲ ಬೇಡ. ಹಾಳೆ ನೋಡಿ ಬರೆಯಿರಿ."

"ಹಾಳೇಲಿ ಹುಡುಕ್ದೆ ಸಾರ್," ಎಂದಳು. "ಹಲ್ಲು ಅನ್ನೋ ಮಾತೇ ಇಲ್ಲ ಅದ್ರಲ್ಲಿ."

ಕಂಸದ ಕಥೆಯನ್ನೂ ಕೇಳಿದೆ. "ವಿಷಯ ತುಂಬಿಸಿ ಅಂತಿತ್ತು. ಅಮ್ಮ ಮಾತೇ ಆಡ್ತಿರ್ಲಿಲ್ಲ, ಏನಂತ ತುಂಬಿಸ್ಲಿ? ನಾನಾಗಿ ಸುಳ್ಳು ಹುಟ್ಟಿಸೋಕೆ ಮನಸ್ಸು ಬರ್ಲಿಲ್ಲ. ಹಾಗೇ ಬರೆದೆ, ಓದಿದೋರು ಯಾರಾದ್ರೂ ಕೇಳ್ತಾರೆ ಅಂದ್ಕೊಂಡೆ."

ಮಾರ್ಚಿನಲ್ಲಿ ಮೆಟ್ಟಿಲ ಮೇಲೆ ನನ್ನನ್ನು ತಡೆದು ಅವಳು ಹೇಳಲು ಹೊರಟದ್ದೂ ಇದನ್ನೇ. ಈ ಎರಡು ತಿಂಗಳು ಅತ್ತೆ ಬದುಕಿರುವುದು ಅವಳು ಭೇಟಿಗೊಮ್ಮೆ ನೆನೆಸಿ ಕೊಟ್ಟ ಬ್ರೆಡ್ಡಿನಿಂದ. ಈಗ ಅದೂ ದಿನಕ್ಕೆ ಒಂದೇ ಸಲ. ಹೊಸ ಸೆಟ್ಟಿಗೆ ಒಂದು ತಿಂಗಳು ಬೇಕಂತೆ. ಬೆಳಿಗ್ಗೆ ನಾನು ಹೋಗುತ್ತೇನೆ, ಸಂಜೆ ಹೆಂಡತಿ. ಮಧ್ಯಾಹ್ನ ಇಬ್ಬರಿಗೂ ಕೆಲಸ. ತಕರಾರು ಅರ್ಜಿ ಹೇಗೆ ಬರೆಯುವುದು? ಪುರಾವೆ ಏನೆಂದು ಕೇಳಿದರೆ ಪುಸ್ತಕವೇ ಅನ್ನುತ್ತಾರೆ. ಪುಸ್ತಕದ ತುಂಬ ನಿನ್ನ ವಾಕ್ಯ.

ತಮ್ಮ

ಮೇ 9

ತಮ್ಮಾ,

ಅರ್ಜಿ ಇದರೊಂದಿಗಿದೆ. ಡಾಕ್ಟರ ಚೀಟಿ, ಪಿನ್ನು ಹೊಡೆದ ಎರಡು ಹಾಳೆ, ಡಬ್ಬಿಗಳ ಫೋಟೋ ಸೇರಿಸಿ ಕೊಡು. ಕೊನೆಯಲ್ಲಿ ನನ್ನ ಹೇಳಿಕೆ ಇದೆ, ಸಹಿ, ಹುದ್ದೆ ಎಲ್ಲ ಸರಿಯಾಗಿ ಹಾಕಿದ್ದೇನೆ. ಇಷ್ಟೇ: "ಈ ಪುಸ್ತಕದಲ್ಲಿರುವ ವಾಕ್ಯಗಳನ್ನು ರಚಿಸಿದವಳು ನಾನು. ಇವರು ಬೀಳುವ ಒಂದು ತಿಂಗಳು ಮೊದಲೇ, ಬೇರೆ ಊರಿನ ಒಂದು ಮೇಜಿನ ಮುಂದೆ ಕೂತು ಬರೆದೆ. ಇವು ಈ ಮನೆಯ ಬಗ್ಗೆ ಅಲ್ಲ. ಯಾವ ಮನೆಯ ಬಗ್ಗೆಯೂ ಅಲ್ಲ."

ಮೇಡಂಗೆ ಪ್ರತಿ ತೋರಿಸಿದೆ. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೋತಿದೀರಲ್ಲ" ಎಂದರು. ಸಂಸ್ಥೆಯ ಮರ್ಯಾದೆ, ಎಂಟು ಶಾಖೆ, ಅಚ್ಚಾದ ಹಾಳೆ ಎಂದು ಅರ್ಧ ಗಂಟೆ ಮಾತಾಡಿದರು. ಆ ಹಾಳೆಗಳನ್ನು ಹಿಂದೆ ಪಡೆಯಿರಿ ಅಂದರೆ ಆಗುವುದಿಲ್ಲವಂತೆ, ಲ್ಯಾಮಿನೇಷನ್ ಆಗಿಬಿಟ್ಟಿದೆಯಂತೆ. ಈ ಬುದ್ಧಿಗೇಡಿಗಳ ಕೈಯಿಂದ ಮೆಚ್ಚುಗೆ ಪತ್ರ ತೆಗೆದುಕೊಂಡು ಹಿಗ್ಗಿದವಳು ಎಂಥವಳಿರಬೇಕು, ನೀನೇ ಹೇಳು.

ಇಲ್ಲಿಯ ನಲವತ್ತೊಂದು ಪುಸ್ತಕಗಳನ್ನೂ ತರಿಸಿ ಓದಿದೆ. ಎಲ್ಲರ ಮನಸ್ಸೂ ಹಗುರವಾಗಿದೆ. ನಲವತ್ತೊಂದು ಮನೆಯಲ್ಲಿ ಯಾವ ಲೋಟದಲ್ಲಿ ಏನು ಮುರಿದು ಬಿದ್ದಿದೆಯೋ ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ವ್ಯವಸ್ಥೆ ಮಾಡಿದವಳು ನಾನೇ. ಕರ್ಟನ್ನಿನ ಅಳತೆ ಗೊತ್ತಿದ್ದ ಮಗಳನ್ನು ನಿನ್ನ ಮುಂದೆ ಆಡಿಕೊಂಡಿದ್ದೆ. ಅವಳಾದರೂ ಅಮ್ಮನ ಮನೆಯಲ್ಲಿ ಕರ್ಟನ್ನನ್ನಾದರೂ ನೋಡಿದ್ದಳು.

ಕೊಡೆಯವಳಿಗೆ ತಲೆ ಇಲ್ಲ ಎಂದು ಬರೆದಿದ್ದೆ. ಅವಳಿಗೆ ಆ ಕಾಗದ ತೋರಿಸಬೇಡ. ಅತ್ತೆಗೂ ಆ ಹಾಳೆ ಬರೆದವಳು ನಾನೆಂದು ಹೇಳಬೇಡ. ಇಷ್ಟನ್ನು ಬೇಡಿಕೊಳ್ಳುತ್ತೇನೆ.

ಅಕ್ಕ

ಜೂನ್ 14

ಅಕ್ಕಾ,

ಐದು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಅಲ್ಲಿ ನಿನ್ನನ್ನು ಏನು ಮಾಡಿದರು?

ಅರ್ಜಿ ಗೆದ್ದಿತು, ಅರ್ಧ. ಮೂರು ಕೇಳಿದರೆ ಎರಡು ಭೇಟಿ ಕೊಟ್ಟಿದ್ದಾರೆ. ಕೊಟ್ಟದ್ದೂ ನಿನ್ನ ಹೇಳಿಕೆಯಿಂದ. ಅಧಿಕಾರಿ ಅದನ್ನು ಎರಡು ಸಲ ಓದಿ, ಮುಖ ಸಣ್ಣದು ಮಾಡಿಕೊಂಡು, "ಇವರು ಇನ್ನೂ ಅದೇ ಕೆಲಸದಲ್ಲಿದ್ದಾರಾ?" ಎಂದ. ನಿನ್ನನ್ನೇ ಕೇಳಿ ಹೇಳುತ್ತೇನೆ ಎಂದೆ.

ಹೊಸ ಸೆಟ್ಟು ಬಂದು ಹತ್ತು ದಿನವಾಯಿತು. ಮೊದಲ ದಿನ ಅತ್ತೆ ಕನ್ನಡಿ ಮುಂದೆ ನಿಂತು, ಗಂಟಲು ಸರಿ ಮಾಡಿಕೊಂಡು, "ಹಲೋ, ಎಕ್ಸ್‌ಚೇಂಜ್" ಅಂದರು. ಸ್ಪಷ್ಟವಾಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಲಿಫ್ಟ್ ರಿಪೇರಿಯವನ ಅತ್ತೆ ಮನೇಲಿ ಲಿಫ್ಟ್ ಇಲ್ಲ. ಊರಿನವರನ್ನೆಲ್ಲ ಮೇಲೆ ಕಳಿಸಿ ತಾನು ಕೆಳಗೇ ನಿಂತವನು!" ಎಂದರು. ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಅವತ್ತು ಕೊಡೆಯವಳು ಪುಸ್ತಕದಲ್ಲಿ ಬರೆದದ್ದು: "ಅಮ್ಮ ಅಣ್ಣನ ಮಗನಿಗೆ ಬೈದರು. ನನಗೂ ಬೈದರು. ಊಟ ಪೂರ್ತಿ." ಕೆಂಪು ಶಾಯಿ ಇನ್ನೂ ಬಂದಿಲ್ಲ.

ನೀನು ಬೇಡಿಕೊಂಡದ್ದನ್ನು ನಡೆಸಲು ಆಗಲಿಲ್ಲ. ಆಫೀಸಿನವರು ಅರ್ಜಿಯ ಪ್ರತಿಯನ್ನು ಅತ್ತೆಗೂ ಕಳಿಸಿದ್ದರು, ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ನಾನು ಕಾದೆ. ಕನ್ನಡಕ ತೆಗೆದಿಟ್ಟು, "ಬರ್ಕೋ" ಎಂದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ:

"ಅವಳಿಗೆ ಹೇಳು. ಮೂವತ್ತೊಂದು ವರ್ಷ ಈ ಊರಿನವರಿಗೆಲ್ಲ ಲೈನ್ ಕೊಟ್ಟೆ. ಕೂಗಾಡೋರು, ಅಳೋರು, ಸುಳ್ಳು ಹೇಳೋರು, ಎಲ್ಲರಿಗೂ. ಒಂದು ದಿನಾನೂ ಅವರ ಬದಲು ನಾನೇ ಮಾತಾಡಿಬಿಡ್ಲಿಲ್ಲ."

ಅಷ್ಟೇ. ಇನ್ನೇನಾದರೂ ಬರೆಯಲೇ ಎಂದು ಕೇಳಿದೆ. ಬೇಡ ಎಂದರು.

ತಮ್ಮ

ಜೂನ್ 21

ತಮ್ಮಾ,

ಕೆಲಸದಿಂದ ತೆಗೆದಿಲ್ಲ, ಕುರ್ಚಿಯಿಂದ ತೆಗೆದಿದ್ದಾರೆ. ಮನೆಮನೆಗೆ ಹೋಗುವ ಒಂಬತ್ತು ಜನರ ಜೊತೆಗೆ ನಾನು ಹತ್ತನೆಯವಳು. ನನ್ನ ಹೆಸರನ್ನು ಈಗ ಬೇರೆ ಯಾರೋ ಚೌಕದಲ್ಲಿ ತುಂಬಿಸುತ್ತಾರೆ. ನಿನ್ನ ಹೆಂಡತಿಗೆ ಓದಿ ಹೇಳು.

ಅತ್ತೆ ಹೇಳಿದ್ದನ್ನು ಬರೆದು ಚೀಲದಲ್ಲಿಟ್ಟುಕೊಂಡಿದ್ದೇನೆ.

ಇವತ್ತು ಜಡ್ಜ್ ಅಜ್ಜನ ಮನೆಯ ಸರದಿ. ನಾನು ಜನವರಿಯಲ್ಲಿ ಹರಿದ ಹಾಳೆಯ ಅಂಚು ಪುಸ್ತಕದ ಹೊಲಿಗೆಯಲ್ಲಿ ಇನ್ನೂ ಹಾಗೇ ಇದೆ. ನೀರು ಬಿಸಿ ಹೆಚ್ಚಾಯಿತೆಂದು ಅವರು ಬೈದರು. ಊಟ ತಣ್ಣಗಾಯಿತೆಂದು ಬೈದರು. ಹಿಂದೆ ಬರುತ್ತಿದ್ದವಳೇ ವಾಸಿ, ತಿರುಗಿಸಿ ಬೈಯುತ್ತಿದ್ದಳು, ನೀನು ಅದಕ್ಕೂ ಲಾಯಕ್ಕಿಲ್ಲ ಎಂದು ಬೈದರು. ನಾನು ತಿರುಗಿಸಿ ಬೈಯಲಿಲ್ಲ. ಪುಸ್ತಕ ಬಿಚ್ಚಿಟ್ಟುಕೊಂಡು ಕೂತರೆ ಹನ್ನೆರಡು ವಾಕ್ಯವೂ ತಾವಾಗಿಯೇ ಕೈಗೆ ಬರುತ್ತವೆ, ಎಷ್ಟಾದರೂ ನಾನೇ ಬರೆದವು. ಅವನ್ನು ಬಿಟ್ಟು, ಅವರನ್ನೇ ಕೇಳಿದೆ: "ಏನ್ ಬರೀಲಿ?"

ಅವರು ಬೈಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲವಂತೆ. ಯೋಚಿಸಿ, ತೀರ್ಪು ಹೇಳುವವರ ಹಾಗೆ ನಿಧಾನವಾಗಿ ಬರೆಸಿದರು. ನಾನು ಬರೆದುಕೊಂಡೆ:

"ಎಡ ಮಂಡಿ ನೋಯುತ್ತದೆ. ನಾಲ್ಕು ತಿಂಗಳಿಂದ."

ಅಕ್ಕ